ಕಣ್ಣಾರೆ ನೋಡಿದ ಇಬ್ಬರ ಮಾತು ಎರಡಾದರ ಕೋರ್ಟು ಯಾರನ್ನ ನಂಬಬೇಕು?

ಹಳೇಪೇಟಿ ಹುಡುಗ (ಬೆಳಗಾವಿ)
ಎಲ್ಲಾರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತೈತಿ, ಸಹಿಸಿಕೊಳ್ರಿ.

ನಮ್ಮ ಓಣ್ಯಾಗ ಸರಗಳ್ಳತನ ಆತು. ಬೆಳಿಗ್ಗೆ ಹಾಲು ಬರೂ ಹೊತ್ತು. ನಾನೂ ಬಾಜೂ ಮನಿ ಕಾಕೂನೂ ಒಂದ ಗೇಟಿನ ಮುಂದ ನಿಂತಿದ್ವಿ. ಬೈಕಿನ್ಯಾಗ ಇಬ್ಬರು ಬಂದ್ರು, ಹಿಂದ ಕುಂತಾಂವ ಕಾಕೂನ ಬೋರಮಾಳ ಸರಕ್ಕ ಕೈ ಹಾಕಿದ. ಅರ್ಧ ಅವನ ಕೈಯಾಗ ಹೋತು, ಉಳಿದ ಗುಂಡು ರಸ್ತೆ ತುಂಬ ಚೆಲ್ಲಿದ್ವು. ಎಲ್ಲಾ ಕಣ್ಣು ಮಿಟುಕಿಸೂದ್ರಾಗ ಮುಗೀತು.

ಕಾಕು ಆವತ್ತ ಪೊಲೀಸರಿಗೆ ಹೇಳಿದ್ದು: "ಸಣಕಲ ಇದ್ದ, ಮಾರಿ ಸರಿಯಾಗಿ ಕಾಣ್ಲಿಲ್ಲ, ಗಡ್ಡ ಇತ್ತೇನೋ." ನಾ ಹೇಳಿದ್ದು: "ಗಡ್ಡ ಇರಲಿಲ್ಲ, ಕರೇ ಜಾಕೆಟ್ ಇತ್ತು." ಮುಂದ ಒಂದಿಷ್ಟು ದಿನಕ್ಕ ಠಾಣೆಯವರು ಬಂದು ಮೊಬೈಲಿನ್ಯಾಗ ಒಬ್ಬನ ಫೋಟೋ ತೋರಿಸಿದ್ರು. ಗಡ್ಡ ಬಿಟ್ಟಾಂವ. ಕಾಕು "ಇವನ ಇರಬೇಕು" ಅಂದ್ಲು. ಆಮ್ಯಾಲ ಜೈಲಿನ್ಯಾಗ ಗುರುತಿನ ಪರೇಡ್ ಆತು (ಆರೋಪಿನ್ನ ಬ್ಯಾರೆಯವರ ಜೋಡಿ ಸಾಲಿನ್ಯಾಗ ನಿಲ್ಲಿಸಿ ಗುರುತಿಸಾಕ ಹೇಳೂದು), ಅಲ್ಲಿ ಅವನ್ನ ಬೊಟ್ಟು ಮಾಡಿ ತೋರಿಸಿದ್ಲು. ಈಗ ಸಮನ್ಸ್ ಬಂದೈತಿ. ಕೇಳಿದ್ರ "ಅವನ ಮಾರಿ ನಾ ಸಾಯೂತನಕಾ ಮರಿಯಾಂಗಿಲ್ಲ" ಅಂತಾಳ.

ಕಾಕು ಸುಳ್ಳು ಹೇಳೂ ಪೈಕಿ ಅಲ್ಲ. ಹಂಗಾರ "ಇರಬೇಕು" ಹೋಗಿ "ಸಾಯೂತನಕಾ" ಆಗಿದ್ದು ಹ್ಯಾಂಗ? ಅಮೇರಿಕಾದಾಗಿರೂ ನಮ್ಮ ಕಸಿನ್ ಹೇಳ್ತಾನ, ಅಲ್ಲಿ ಜ್ಯೂರಿ ಅಂತ ಹನ್ನೆರಡು ಮಂದಿ ಸಾದಾ ಜನ ಕುಂತು ತೀರ್ಮಾನ ಮಾಡ್ತಾರಂತ. ಅದು ಛಲೋನೋ, ನಮ್ಮಲ್ಲಿ ಜಡ್ಜ್ ಒಬ್ಬರ ಹೇಳೂದು ಛಲೋನೋ?

ಕರೀಕೋಟು
ಮೊದಲ ಮಾತು: ತಮ್ಮಾ, ಕೇಸು ಇನ್ನೂ ನಡದೈತಿ, ನೀನೂ ಸಾಕ್ಷಿದಾರ. ಓಣಿ, ಠಾಣೆ, ಆರೋಪಿ ಹೆಸರು ಯಾವುದೂ ಇಲ್ಲಿ ಹಾಕಬ್ಯಾಡ. ಕಾಕೂನ ಜೋಡಿ ಕುಂತು "ಏನ ಹೇಳೂಣು" ಅಂತ ಮಾತಾಡೂದಂತೂ ಬ್ಯಾಡ.

ಇನ್ನ ಕಾನೂನು. ಪರೇಡಿನ್ಯಾಗ ಗುರುತು ಹಿಡಿದದ್ದು ತನಗ ತಾನ ಪುರಾವೆ ಅಲ್ಲ. ಕಟಕಟೆಯೊಳಗ ಪ್ರಮಾಣ ಮಾಡಿ ಗುರುತಿಸಿದ್ದು ಪುರಾವೆ, ಪರೇಡ್ ಅದಕ್ಕ ಬೆಂಬಲ ಅಷ್ಟ. ಇದಕ್ಕ ಹಳೇ ಸಾಕ್ಷ್ಯ ಕಾಯ್ದೆಯ 9ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಕಲಂ. ಪರೇಡಿಗಿಂತ ಮೊದಲ ಸಾಕ್ಷಿಗೆ ಆರೋಪಿ ಫೋಟೋ ತೋರಿಸಿದ್ರ ಆ ಪರೇಡಿನ ತೂಕಾನ ಹೋತು. ಪಾಟೀ ಸವಾಲಿನ್ಯಾಗ ಎದುರಿನ ವಕೀಲರು ಮೊದಲ ಎತ್ತೂದು ಅದನ್ನ.

ಜವಾರಿ ಮಂದಿ
ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು. ಮುಗೀತು, ಎಲ್ಲಾರೂ ಮನಿಗೆ ನಡೀರಿ.

ಕರೀಕೋಟು
ಪರಾಂಬರಿಸಿ ನೋಡೂತನಕಾ ಸರ ಕಿತ್ತಾಂವ ನಿಂತಿರತಾನೇನೋ?

ಗುಮ್ಮಟದ ಮೇಡಂ (ವಿಜಯಪುರ)
ನಾನು ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡ್ತೀನಿ. ಈ ಪ್ರಶ್ನೆ ನಮ್ಮ ಸಿಲೆಬಸ್ಸಿನಲ್ಲೇ ಇದೆ, ಆದ್ರೆ ಬೋರಮಾಳ ಸರದ ಉದಾಹರಣೆ ಇರಲಿಲ್ಲ, ಇನ್ಮೇಲೆ ಇರುತ್ತೆ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿ, ಎಷ್ಟು ವೇಗದಲ್ಲಿದ್ದವು ಅಂತ ಕೇಳಿದ್ರು. ಕೆಲವರಿಗೆ "ಅಪ್ಪಳಿಸಿದಾಗ" ಅಂತ ಕೇಳಿದ್ರು, ಕೆಲವರಿಗೆ "ತಾಗಿದಾಗ" ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಅಂದ್ರು, ತಾಗಿದಾಗ ಅಂತ ಕೇಳಿಸಿಕೊಂಡವರು ಸುಮಾರು 32. ಇಲ್ಲಿಗೇ ನಿಂತಿದ್ರೆ ಬರೀ ಅಂದಾಜಿನ ಆಟ ಅನ್ನಬಹುದಿತ್ತು. ಎರಡನೇ ಪ್ರಯೋಗದಲ್ಲಿ ಒಂದು ವಾರ ಬಿಟ್ಟು ಕರೆಸಿ, "ಒಡೆದ ಗಾಜು ನೋಡಿದ್ರಾ?" ಅಂತ ಕೇಳಿದ್ರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಜನ ನೋಡಿದೆ ಅಂದ್ರು. "ಗುದ್ದಿದ" ಅಂತ ಕೇಳಿಸಿಕೊಂಡ 50ರಲ್ಲಿ 7 ಜನ.

ಅಂದ್ರೆ ಕೇಳಿದ ರೀತಿ ಉತ್ತರವನ್ನಷ್ಟೇ ಬದಲಿಸಲ್ಲ, ನೆನಪಿನೊಳಗೇ ಹೋಗಿ ಕೂರುತ್ತೆ. ಕಾಕು ಅವರ ವಿಷಯದಲ್ಲಿ ಪ್ರಶ್ನೆಯ ಬದಲು ಫೋಟೋ ಹೋಗಿ ಕೂತಿರಬಹುದು. ಪರೇಡಿನಲ್ಲಿ ಅವರು ಗುರುತಿಸಿದ್ದು ಬೈಕಿನ ಮೇಲಿದ್ದವನನ್ನೋ ಮೊಬೈಲಿನಲ್ಲಿದ್ದವನನ್ನೋ, ಅವರಿಗೂ ಗೊತ್ತಾಗೋದಿಲ್ಲ. ಎರಡೂ ಒಂದೇ ಥರ "ಪರಿಚಯದ ಮುಖ" ಅನ್ನಿಸುತ್ತೆ.

ಹಳೇಪೇಟಿ ಹುಡುಗ
ಮೇಡಂ, ಆದ್ರ ದಿನಾ ಹೋದಂಗ ಖಾತ್ರಿ ಹೆಚ್ಚಾಗೂದು ಯಾಕ? ಮರೆವು ಹೆಚ್ಚಾಗಬೇಕಲ್ಲ?

ಗುಮ್ಮಟದ ಮೇಡಂ (ವಿಜಯಪುರ)
ಒಳ್ಳೇ ಪ್ರಶ್ನೆ. ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಜನರಿಗೆ ಒಂದು ಕಾವಲು ಕ್ಯಾಮೆರಾದ ವಿಡಿಯೋ ತೋರಿಸಿ, ಆಮೇಲೆ ಫೋಟೋಗಳ ಸಾಲಿನಿಂದ ಗುರುತಿಸೋಕೆ ಹೇಳಿದ್ರು. ನಿಜವಾದ ಆಸಾಮಿ ಆ ಸಾಲಿನಲ್ಲಿ ಇರಲೇ ಇಲ್ಲ. ಆರಿಸಿದವರೆಲ್ಲ ತಪ್ಪೇ. ಅವರಲ್ಲಿ ಕೆಲವರಿಗೆ "ಭೇಷ್, ಸರಿಯಾದವನನ್ನೇ ಹಿಡಿದ್ರಿ" ಅಂತ ಒಂದು ಮಾತು ಹೇಳಿದ್ರು, ಅಷ್ಟೇ. ಆ ಮಾತು ಕೇಳಿದವರು ಆಮೇಲೆ "ನನಗೆ ಆಗಲೇ ಪೂರ್ತಿ ಖಾತ್ರಿ ಇತ್ತು, ಮುಖ ಸ್ಪಷ್ಟವಾಗಿ ಕಂಡಿತ್ತು, ಗಮನ ಇಟ್ಟು ನೋಡಿದ್ದೆ" ಅಂದ್ರು. ಹಿಂದಿನ ನೋಟವೇ ಸುಧಾರಿಸಿಬಿಡ್ತು.

ನಿಮ್ಮ ಕಾಕುಗೆ ಯಾರೂ ಭೇಷ್ ಅನ್ನದೇ ಇರಬಹುದು. ಆದ್ರೆ ಅವನ ಮೇಲೆ ದೋಷಾರೋಪ ಪಟ್ಟಿ ಹಾಕಿದ್ದು, ಮನೆಗೆ ಸಮನ್ಸ್ ಬಂದಿದ್ದು, ಇವೆಲ್ಲ ಅದೇ ಕೆಲಸ ಮಾಡ್ತವೆ.

ಹವಾಲ್ದಾರ ಕಾಕಾ (ನಿವೃತ್ತ)
ಎಲ್ಲಾ ತಪ್ಪು ಪೊಲೀಸರ ತಲೀಗೆ ಕಟ್ಟೂದು ಸಸ್ತಾ ಆಗೇತಿ. ನಮ್ಮ ಕಷ್ಟ ಕೇಳ್ರಿ.

ಮುಧೋಳ ಕಡೆ ಕಬ್ಬಿನ ಸೀಜನ್ನು. ಎರಡ ಟ್ರೇಲರ್ ಕಟಗೊಂಡು ಟ್ರ್ಯಾಕ್ಟರ್ ರಾತ್ರಿ ಹೊಂಟಿರತಾವ, ಹಿಂದ ಲೈಟಿಲ್ಲ, ರಿಫ್ಲೆಕ್ಟರಿಲ್ಲ. ಬೈಕಿನಾಂವ ಹೋಗಿ ಬಡೀತಾನ. ನಾವು ಸ್ಥಳಕ್ಕ ಮುಟ್ಟೂದ್ರೊಳಗ ಊರ ಮಂದಿ ಕೂಡಿ, ಒಬ್ಬ ಹಿರ್ಯಾ "ಟ್ರ್ಯಾಕ್ಟರ್ ನಡು ರಸ್ತೇದಾಗ ನಿಂದ್ರಿಸಿದ್ದ" ಅಂತ ಹೇಳಿ ಮುಗಿಸಿರತಾನ. ಆಮ್ಯಾಲ ಯಾರನ್ನ ಕೇಳಿದ್ರೂ ಅದ ಮಾತು. ಹೊಲದಾಗ ನೀರು ಹಾಸಾಕ ಹೋದಾಂವನೂ ಅದ ಹೇಳ್ತಾನ. ಅವರೆಲ್ಲಾ ಸುಳ್ಳರಲ್ಲ. ಒಬ್ಬರ ಮಾತು ಒಬ್ಬರಿಗೆ ಹತ್ತಿರತೈತಿ. ಆ ಬಾಜೂದ ಒಂದ ಪಂಪ್‌ಸೆಟ್ಟಿನ ಮುದುಕ ಮಾತ್ರ "ನಾ ಆವಾಜ್ ಕೇಳಿದೆ, ನೋಡ್ಲಿಲ್ಲ" ಅಂದ. ನನ್ನ ಸರ್ವೀಸಿನ್ಯಾಗ ಅಂಥಾ ಸಾಕ್ಷಿ ಭಾಳ ಕಮ್ಮಿ.

ಗುಮ್ಮಟದ ಮೇಡಂ (ವಿಜಯಪುರ)
ಕಾಕಾ, ನೀವು ಹೇಳಿದ್ದಕ್ಕೆ ಪ್ರಯೋಗದ ಬೆಂಬಲ ಇದೆ. ಫಿಯೋನಾ ಗ್ಯಾಬರ್ಟ್ ಮತ್ತು ಅವರ ಜೊತೆಯವರು 2003ರಲ್ಲಿ ಜೋಡಿ ಜೋಡಿ ಜನರಿಗೆ ಒಂದೇ ಘಟನೆಯ ವಿಡಿಯೋನ ಬೇರೆ ಬೇರೆ ಕೋನದಿಂದ ತೋರಿಸಿದ್ರು. ಇಬ್ಬರೂ ಅಂದುಕೊಂಡದ್ದು ಒಂದೇ ವಿಡಿಯೋ ನೋಡಿದ್ದೀವಿ ಅಂತ. ಮಾತಾಡಿಕೊಂಡ ಮೇಲೆ 71% ಜನ ತಾವು ನೋಡಲು ಸಾಧ್ಯವೇ ಇಲ್ಲದ, ಜೊತೆಯವರು ಮಾತ್ರ ನೋಡಿದ ಒಂದಾದರೂ ಸಂಗತಿಯನ್ನ "ನಾನೇ ನೋಡಿದೆ" ಅಂತ ಬರೆದ್ರು.

ಕುಂದಾಪ್ರಿಯ
ಹಂಗಾರ ಮದವಿ ಮನ್ಯಾಗ ಊಟ ಸರಿ ಇರಲಿಲ್ಲ ಅಂತ ಎಲ್ಲಾರೂ ಅನ್ನೂದೂ ಇದ ಕೇಸು. ಒಬ್ಬ ಮಾವ ಸುರು ಮಾಡಿರತಾನ.

ಕೃಷ್ಣಾತೀರ (ಜಮಖಂಡಿ)
ನಾ ಒಪ್ಪಂಗಿಲ್ಲ. ಲ್ಯಾಬಿನ್ಯಾಗ ಏಸಿ ಹಚ್ಚಿ ಕಾಲೇಜು ಹುಡುಗರಿಗೆ ವಿಡಿಯೋ ತೋರಿಸೂದು ಬ್ಯಾರೆ, ಕೊರಳಿಗೆ ಕೈ ಬಿದ್ದಾಗ ನೋಡೂದು ಬ್ಯಾರೆ. ಅಂಜಿಕಿ ಆದಾಗ ಕಂಡದ್ದು ಎದಿಯೊಳಗ ಕೊರದಂಗ ಉಳೀತೈತಿ. ಹೆಂಗಸರ ಮಾತು ನಂಬಬ್ಯಾಡ್ರಿ ಅಂತ ಹೇಳಾಕ ಇದೊಂದು ಹೊಸಾ ದಾರಿ ಅಷ್ಟ.

ಗುಮ್ಮಟದ ಮೇಡಂ (ವಿಜಯಪುರ)
ನಾನೂ ಹೆಂಗಸೇ ಕಣ್ರೀ, ನಿಮ್ಮ ಕೊನೇ ಮಾತಿನ ಆತಂಕ ನನಗೂ ಇದೆ. ಆದ್ರೆ ಘಟನೆ ನಡೆದದ್ದು ಸುಳ್ಳು ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಸರ ಹೋಗಿದೆ, ಕೊರಳಿಗೆ ಕೈ ಬಿದ್ದಿದೆ. ಮಾಡಿದವನು ಇವನೇನಾ ಅನ್ನೋದೊಂದೇ ಪ್ರಶ್ನೆ.

ಜೆನಿಫರ್ ಥಾಂಪ್ಸನ್ ಕಥೆ ನೋಡಿ. 1984, ಅಮೇರಿಕಾದ ನಾರ್ತ್ ಕೆರೊಲಿನಾ. ತನ್ನ ಮೇಲೆ ಅತ್ಯಾಚಾರ ಆಗ್ತಿರೋವಾಗಲೇ ಆಕೆ ಅವನ ಮುಖವನ್ನ ಬೇಕಂತಲೇ ಗಮನಿಸಿ ನೆನಪಿಟ್ಟುಕೊಂಡಳು, ಬದುಕಿದ್ರೆ ಇವನನ್ನ ಹಿಡಿಸ್ತೀನಿ ಅಂತ. ಮೊದಲು ಫೋಟೋಗಳಲ್ಲಿ, ಆಮೇಲೆ ಸಾಲಿನಲ್ಲಿ ನಿಲ್ಲಿಸಿದವರಲ್ಲಿ ರೊನಾಲ್ಡ್ ಕಾಟನ್ ಅನ್ನೋನನ್ನ ಗುರುತಿಸಿದಳು. ಕೋರ್ಟಿನಲ್ಲಿ ಒಂಚೂರೂ ಅಳುಕಲಿಲ್ಲ. ಜ್ಯೂರಿ ನಂಬಿತು. ಮುಂದೆ ಬಾಬಿ ಪೂಲ್ ಅನ್ನೋನನ್ನ ಕೋರ್ಟಿನಲ್ಲಿ ಎದುರಿಗೇ ತೋರಿಸಿದಾಗ "ಇವನನ್ನ ನಾನು ನೋಡೇ ಇಲ್ಲ" ಅಂದಳು. 1995ರಲ್ಲಿ ಡಿಎನ್‌ಎ ಪರೀಕ್ಷೆ ಆಯ್ತು. ಮಾಡಿದವನು ಪೂಲ್. ಕಾಟನ್ ಹತ್ತು ವರ್ಷಕ್ಕಿಂತ ಹೆಚ್ಚು ಜೈಲಿನಲ್ಲಿದ್ದ. ಜೆನಿಫರ್, ಕಾಟನ್ ಇಬ್ಬರೂ ಆಮೇಲೆ ಜೊತೆಯಾಗಿ ಈ ಬಗ್ಗೆ ಊರೂರು ಮಾತಾಡಿದ್ರು.

ಅಂಜಿಕೆ ಬಗ್ಗೆ: 2004ರಲ್ಲಿ ಚಾರ್ಲ್ಸ್ ಮಾರ್ಗನ್ ಮತ್ತವರ ತಂಡ ಅಮೇರಿಕಾದ ಸೈನಿಕರ ತರಬೇತಿಯಲ್ಲಿ ನೋಡಿದ್ರು. ಯುದ್ಧಕೈದಿಗಳಂತೆ ಅವರನ್ನ ಅರ್ಧ ಗಂಟೆಗೂ ಹೆಚ್ಚು ಎದುರಾಬದುರು ವಿಚಾರಣೆ ಮಾಡಿದ್ರು. ಬಲವಾದ ಒತ್ತಡದ ವಿಚಾರಣೆ ಎದುರಿಸಿದವರು, ವಿಚಾರಣೆ ಮಾಡಿದವನನ್ನ ಮಾರನೇ ದಿನ ಗುರುತಿಸೋದರಲ್ಲಿ ಸೌಮ್ಯ ವಿಚಾರಣೆಯವರಿಗಿಂತ ತುಂಬಾ ಹಿಂದೆ ಬಿದ್ರು. ಇವರು ಕಾಲೇಜು ಹುಡುಗರಲ್ಲ.

ಕೃಷ್ಣಾತೀರ (ಜಮಖಂಡಿ)
ಒಂದ ಕಥಿ ಹೇಳಿ ಎಲ್ಲಾ ಹಂಗ ಅನಬಾರದು.

ಗುಮ್ಮಟದ ಮೇಡಂ (ವಿಜಯಪುರ)
ಒಂದಲ್ಲ. ಅಮೇರಿಕಾದಲ್ಲಿ ಇನ್ನೋಸೆನ್ಸ್ ಪ್ರಾಜೆಕ್ಟ್ ಅಂತ ಸಂಸ್ಥೆ ಇದೆ. ಡಿಎನ್‌ಎಯಿಂದ ನಿರ್ದೋಷಿ ಅಂತ ಸಾಬೀತಾಗಿ ಬಿಡುಗಡೆಯಾದವರ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಲ್ಲಿ ಕಣ್ಣಿನ ಸಾಕ್ಷಿಯ ತಪ್ಪು ಗುರುತು ಸೇರಿಕೊಂಡಿದೆ ಅಂತ ಅವರ ಲೆಕ್ಕ.

ಅಂಕಿಸಂಖ್ಯೆ ಅಣ್ಣ
ಆ ಲೆಕ್ಕಾನ ತಿರುವಿ ಓದಬ್ಯಾಡ್ರಿ ಮತ್ತ. "ಮೂರರಾಗ ಎರಡು ಸಾಕ್ಷಿ ಸುಳ್ಳು" ಅಂತ ಅಲ್ಲ ಅದು. ತಪ್ಪು ಅಂತ ಸಾಬೀತಾದ ಕೇಸಿನೊಳಗಿನ ಲೆಕ್ಕ. ಸರಿಯಾಗಿ ಗುರುತಿಸಿದ ಕೇಸು ಆ ಪಟ್ಟಿಗೆ ಬರೂದ ಇಲ್ಲ.

ಇನ್ನೊಂದು. ಮೇಡಂ ಹೇಳಿದ ಗ್ಯಾರಿ ವೆಲ್ಸ್ ಅವರ, ಜಾನ್ ವಿಕ್ಸ್‌ಟೆಡ್ ಜೋಡಿ ಸೇರಿ 2017ರಾಗ ಬರದಾರ: ಪರೇಡ್ ನೆಟ್ಟಗ ನಡಸಿದ್ರ, ಮೊದಲನೇ ಸಲ ಗುರುತಿಸಿದಾಗ ಸಾಕ್ಷಿ ಎಷ್ಟು ಖಾತ್ರಿ ಇದ್ದ ಅನ್ನೂದು ನಂಬಲರ್ಹ ಸುಳಿವು. ಅಂದ್ರ ಖಾತ್ರಿಗೆ ಕಿಮ್ಮತ್ತ ಇಲ್ಲ ಅಂತಲ್ಲ. ಯಾವತ್ತಿನ ಖಾತ್ರಿ ಅನ್ನೂದು ಮುಖ್ಯ. ಜೆನಿಫರ್ ಥಾಂಪ್ಸನ್ನೂ ಮೊದಲನೇ ಸಲ ಫೋಟೋ ನೋಡಿದಾಗ ಭಾಳ ಹೊತ್ತು ತಗೊಂಡು, ಅನುಮಾನಿಸಿಕೋತನ ಆರಿಸಿದ್ಲು.

ಹಳೇಪೇಟಿ ಹುಡುಗ
ಹಂಗಾರ ಕಾಕು ಮೊದಲ ದಿನ ಅಂದ "ಮಾರಿ ಸರಿಯಾಗಿ ಕಾಣ್ಲಿಲ್ಲ" ಅನ್ನೂದ ಹೆಚ್ಚು ಖರೇ?

ಕರೀಕೋಟು
ನಿನಗ ಹೇಳೀನಿ ತಮ್ಮಾ, ನಿಮ್ಮ ಕೇಸು ಇಲ್ಲಿ ಬ್ಯಾಡ. ಸಾಮಾನ್ಯ ಮಾತು ಹೇಳ್ತೀನಿ.

ಪೊಲೀಸರ ಮುಂದ ಕೊಟ್ಟ ಹೇಳಿಕೆಗೆ ಸಾಕ್ಷಿ ಸಹಿ ತಗೊಳ್ಳಂಗಿಲ್ಲ. ಅದನ್ನ ಪುರಾವೆ ಅಂತ ಓದಾಕ ಬರಂಗಿಲ್ಲ. ಕೋರ್ಟಿನ್ಯಾಗ ಸಾಕ್ಷಿ ಬ್ಯಾರೆ ಹೇಳಿದ್ರ "ಅವತ್ತ ಹಿಂಗ ಹೇಳಿದ್ರಿ, ಇವತ್ತ ಹಂಗ ಹೇಳ್ತೀರಿ" ಅಂತ ವಿರೋಧ ತೋರಿಸಾಕ ಮಾತ್ರ ಬಳಸಬಹುದು. ಮೊದಲ ದಿನ ಎಷ್ಟು ಖಾತ್ರಿ ಇತ್ತು ಅನ್ನೂದನ್ನ ಅದರಾಗ ಯಾರೂ ಬರದಿಟ್ಟಿರಂಗಿಲ್ಲ. "ಗಡ್ಡ ಇತ್ತೇನೋ" ಅನ್ನೂದು ಬರಿಯೂಮುಂದ "ಗಡ್ಡಧಾರಿ" ಆಗಿರತೈತಿ. ಆ "ಏನೋ" ಎಲ್ಲಿ ಹೋತು ಅಂತ ಯಾವ ಕೋರ್ಟಿಗೂ ಗೊತ್ತಾಗಂಗಿಲ್ಲ.

ಆಮ್ಯಾಲ ವರ್ಷಗಟ್ಟಲೆ ಬಿಟ್ಟು ಸಾಕ್ಷಿ ಬರ್ತಾನ. ವರಾಂಡದ ಬಾಕಿನ ಮ್ಯಾಲ ಕುಂತಿರತಾನ, ಕೈಯಾಗ ಚಹಾದ ಕಪ್ಪು. ಠಾಣೆಯ ಕೋರ್ಟ್ ಡ್ಯೂಟಿ ಕಾನ್‌ಸ್ಟೆಬಲ್ ಫೈಲ್ ಹಿಡಕೊಂಡು ಬಂದು "ಒಮ್ಮೆ ಓದಿಕೋರಿ ಯಜಮಾನ್ರ, ಸಾಹೇಬ್ರು ಕೇಳ್ತಾರ" ಅಂತಾನ. ಓದಿಕೊಂಡಾಂವ ಒಳಗ ಹೋಗಿ ಹೇಳೂದು ಬೈಕಿನ ನೆನಪೋ ಫೈಲಿನ ನೆನಪೋ? ಇದು ನಾನೂ ದಿನಾ ನೋಡೂದ. ಸರಕಾರಿ ವಕೀಲರ ದೃಷ್ಟಿಯಿಂದ ತಪ್ಪೂ ಅಲ್ಲ, ಹತ್ತಾರು ಕೇಸಿನ್ಯಾಗ ಸಾಕ್ಷಿ "ಏನೂ ನೆನಪಿಲ್ಲ" ಅಂದು ಹೊರಳಿ ಹೋಗಿರತಾರ.

ಹವಾಲ್ದಾರ ಕಾಕಾ (ನಿವೃತ್ತ)
ಪರೇಡ್ ಠಾಣೆಯಾಗ ಆಗೂದಿಲ್ಲ ಅನ್ನೂದೂ ಮಂದಿಗೆ ಗೊತ್ತಿಲ್ಲ. ನಾವು ಹೊರಗ ನಿಲ್ಲಬೇಕು. ತಹಶೀಲ್ದಾರ್ ಸಾಹೇಬ್ರು ಜೈಲಿಗೆ ಬಂದು ನಡಸ್ತಾರ. ಆರೋಪಿನ್ನ ಹೋಲೂ ವಯಸ್ಸು ಮೈಕಟ್ಟಿನವರನ್ನ ಜೋಡಿ ನಿಲ್ಲಸ್ತಾರ, ಎಲ್ಲಿ ನಿಲ್ತೀ ಅಂತ ಆರೋಪಿನ್ನ ಕೇಳ್ತಾರ, ಬೇಕಾದ್ರ ಅಂಗಿ ಬದಲಿ ಮಾಡ್ಕೋ ಅಂತಾರ. ಒಮ್ಮೆ ಒಬ್ಬ ಆರೋಪಿ ಕೂದಲಿಗೆ ಕೆಂಪ ಬಣ್ಣ ಹಚ್ಚಿದ್ದ. ಸಾಹೇಬ್ರು ಭಾಳ ಶಾಣ್ಯಾ, ಜೈಲಿನ ಟವೆಲ್ ತರಿಸಿ ಎಲ್ಲಾರ ತಲೀಗೂ ಸುತ್ತಿಸಿದ್ರು. ಸಾಕ್ಷಿ ಬಂದು ಸಾಲು ನೋಡಿ "ಇವರೆಲ್ಲಾ ಯಾವ ಮಠದವರ್ರೀ" ಅಂದ.

ಕುಂದಾಪ್ರಿಯ
😂 ಈಗಿನ ಹುಡುಗರ ಗಡ್ಡ ಎಲ್ಲಾರದೂ ಒಂದ ಕಟಿಂಗು. ಬೆಳಗಾವಿ ಕ್ಯಾಂಪಿನ್ಯಾಗ ಸಂಜೀಕ ನಿಂತು ನೋಡ್ರಿ, ಯಾರನ್ನ ಹಿಡದ್ರೂ ಹೊಂದತೈತಿ.

ಮಲಪ್ರಭಾ
ಸಿಸಿಟಿವಿ ಬಂದ ಮ್ಯಾಲ ಇದೆಲ್ಲಾ ಯಾಕ ಬೇಕ್ರಿ?

ಹವಾಲ್ದಾರ ಕಾಕಾ (ನಿವೃತ್ತ)
ಸಿಸಿಟಿವಿ ಇರತೈತಿ ತಂಗಿ. ಮಾರಿ ಕಡೆ ಇರಂಗಿಲ್ಲ, ಅಂಗಡಿ ಶಟರ್ ಕಡೆ ಇರತೈತಿ.

ಇಳಕಲ್ ಅಕ್ಕ
ನನ್ನ ಅನುಭವ ಹೇಳ್ತೀನಿ. ಬಸ್ ಅಪಘಾತದ ಕೇಸಿನ್ಯಾಗ ನಾನೂ ಸಾಕ್ಷಿ ಹೇಳೀನಿ. ಎದುರಿನ ವಕೀಲರು "ಬಸ್ಸಿನ್ಯಾಗ ಎಷ್ಟು ಮಂದಿ ಇದ್ರು, ಡ್ರೈವರ್ ಯಾವ ಬಣ್ಣದ ವಾಚ್ ಕಟ್ಟಿದ್ದ, ಎಷ್ಟು ಫೂಟ್ ದೂರದಿಂದ ನೋಡಿದ್ರಿ" ಅಂತ ಕೇಳಿ ಕೇಳಿ ಬೆವರ ಇಳಿಸಿದ್ರು. ವಾಚ್ ನೆನಪಿಲ್ಲ ಅಂದ್ರ, ಹಂಗಾರ ನೀವು ಅಲ್ಲಿ ಇರಲ ಇಲ್ಲ ಅಂದ್ರು! ಅಡಗಿ ಮನ್ಯಾಗ ದಿನಾ ನೋಡೂ ಗಡಿಯಾರದ ಮ್ಯಾಲ ಯಾವ ಕಂಪನಿ ಹೆಸರೈತಿ ಅಂತ ಅವರಿಗೆ ಕೇಳಬೇಕಿತ್ತು.

ಕರೀಕೋಟು
ಅಕ್ಕಾರ, ಅದು ನಮ್ಮ ಧಂದೇದ ಹಳೇ ಪಟ್ಟು, ತಪ್ಪು ತಿಳೀಬ್ಯಾಡ್ರಿ. ಸುಪ್ರೀಂ ಕೋರ್ಟು ಇದರ ಬಗ್ಗೆ 1983ರಾಗ ಹೇಳೇತಿ, ಭರವಾಡಾ ಭೋಗಿನಭಾಯಿ ಕೇಸು, ಗುಜರಾತಿಂದು. ಸಾಕ್ಷಿಗೆ ಫೋಟೋ ತಗದಂಗ ನೆನಪು ಇರಬೇಕು ಅನ್ನೂದು, ವಿಡಿಯೋ ಟೇಪ್ ತಿರುವಿದಂಗ ಹೇಳಬೇಕು ಅನ್ನೂದು ಸರಿಯಲ್ಲ, ಸಣ್ಣಪುಟ್ಟ ವ್ಯತ್ಯಾಸಕ್ಕ ಸಾಕ್ಷಿನ್ನ ತಳ್ಳಿಹಾಕಬಾರದು ಅಂತ. 1957ರ ವಡಿವೇಲು ತೇವರ್ ಕೇಸಿನ್ಯಾಗಂತೂ, ಸಾಕ್ಷಿ ಎಷ್ಟು ಮಂದಿ ಅನ್ನೂದಲ್ಲ, ಎಂಥಾ ಸಾಕ್ಷಿ ಅನ್ನೂದು ಮುಖ್ಯ, ಪೂರ್ತಿ ನಂಬಲರ್ಹ ಇದ್ರ ಒಬ್ಬನ ಸಾಕು ಅಂದಾರ.

"ನೆನಪಿಲ್ಲ" ಅನ್ನೂದೂ ಉತ್ತರಾನ. ಅಂದಾಜು ಹೇಳಿದ್ರ ಸಿಗಬೀಳತೀರಿ.

ಗುಮ್ಮಟದ ಮೇಡಂ (ವಿಜಯಪುರ)
ವಕೀಲರು ಆ ಪಟ್ಟು ಸುಮ್ಮನೆ ಹಾಕಲ್ಲ, ಅದು ಕೆಲಸ ಮಾಡುತ್ತೆ. ಬ್ರಾಡ್ ಬೆಲ್ ಮತ್ತು ಲಾಫ್ಟಸ್ 1989ರಲ್ಲಿ ಅಣಕು ಜ್ಯೂರಿಗಳ ಮೇಲೆ ನೋಡಿದ್ರು. ಕೇಸಿಗೆ ಸಂಬಂಧವೇ ಇಲ್ಲದ ಚಿಲ್ಲರೆ ವಿವರ ಹೇಳಿದ ಸಾಕ್ಷಿಯನ್ನ ಜನ ಹೆಚ್ಚು ನಂಬ್ತಾರೆ. ಇಷ್ಟು ಚಿಕ್ಕದು ನೆನಪಿದ್ರೆ ಮುಖವೂ ನೆನಪಿರಬೇಕು ಅಂತ ಲೆಕ್ಕ. ನಿಜ ಏನಂದ್ರೆ, ವಾಚು ನೋಡ್ತಾ ಇದ್ದವನು ಮುಖ ಅಷ್ಟು ನೋಡಿರಲ್ಲ. ಕೈಯಲ್ಲಿ ಚಾಕು ಪಿಸ್ತೂಲು ಇದ್ರೆ ಕಣ್ಣು ಅದರ ಮೇಲೇ ನೆಡುತ್ತೆ, ಮುಖ ತಪ್ಪುತ್ತೆ ಅನ್ನೋದೂ ಇದೇ ಸಾಲಿನ ಸಂಗತಿ.

ಬಾದಾಮಿ ಟು ಜೆರ್ಸಿ
ಹುಟ್ಟಿದ್ದು ಬದಾಮಿ, ಇರೂದು ಈಗ ನ್ಯೂಜೆರ್ಸಿ. ಇಲ್ಲಿ ಸಿಟಿಜನ್ ಆದ ಮ್ಯಾಲ ನನಗ ಜ್ಯೂರಿ ಡ್ಯೂಟಿ ಕಾಗದ ಬಂತು. ಹೆಂಡತಿ "ಕೋರ್ಟಿಂದ ಏನೋ ಬಂದೈತಿ" ಅಂತ ಅಂಜಿ ಫೋನ್ ಮಾಡಿದ್ಲು.

ಅಂಗಡಿ ದರೋಡೆ ಕೇಸು, ಒಬ್ಬ ಹುಡುಗೀದಷ್ಟ ಕಣ್ಣಿನ ಸಾಕ್ಷಿ. ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 2011ರಾಗ ಹೆಂಡರ್ಸನ್ ಅನ್ನೂ ಕೇಸಿನ್ಯಾಗ ತೀರ್ಪು ಕೊಟ್ಟ ಮ್ಯಾಲ, ಜಡ್ಜ್ ಜ್ಯೂರಿಗೆ ನೆನಪಿನ ಬಗ್ಗೆ ಒಂದ ಉದ್ದನ್ನ ಸೂಚನೆ ಓದಿ ಹೇಳ್ತಾರ. ಬೆಳಕು, ದೂರ, ಒತ್ತಡ, ಎಷ್ಟು ಹೊತ್ತು ನೋಡಿದ, ಬ್ಯಾರೆ ಜನಾಂಗದವರ ಮಾರಿ ಗುರುತಿಸೂದು ಕಷ್ಟ, ಇವೆಲ್ಲಾ. ಪಾಠ ಕೇಳಿದಂಗ ಕುಂತಿದ್ವಿ. ಒಳಗ ಹೋದ ಮ್ಯಾಲ ಆ ಸೂಚನೆ ಬಗ್ಗೆ ಮಾತಾಡಿದವರು ಕಮ್ಮಿ. "ಪಾಪ, ಆ ಹುಡುಗಿ ಸುಳ್ಳ ಯಾಕ ಹೇಳ್ತಾಳ" ಅನ್ನೂ ಮಾತ ತಿರುಗಿ ತಿರುಗಿ ಬಂತು.

ಗುಮ್ಮಟದ ಮೇಡಂ (ವಿಜಯಪುರ)
ಅದೇ ತೊಡಕು. ಸುಳ್ಳಿಗೂ ನಿಜಕ್ಕೂ ನಡುವೆ "ಪ್ರಾಮಾಣಿಕವಾಗಿ ತಪ್ಪು" ಅಂತ ಒಂದು ಜಾಗ ಇದೆ ಅನ್ನೋದು ಹನ್ನೆರಡು ಜನಕ್ಕೆ ಹೊಳೆಯೋದು ಕಷ್ಟ. ಆ ನ್ಯೂಜೆರ್ಸಿ ಸೂಚನೆಯನ್ನೂ 2015ರಲ್ಲಿ ಪರೀಕ್ಷೆ ಮಾಡಿದ್ದಾರೆ. ಅದನ್ನ ಕೇಳಿದ ಜನ ದುರ್ಬಲ ಸಾಕ್ಷಿಯನ್ನೂ ಕಡಿಮೆ ನಂಬಿದ್ರು, ಗಟ್ಟಿ ಸಾಕ್ಷಿಯನ್ನೂ ಅಷ್ಟೇ ಕಡಿಮೆ ನಂಬಿದ್ರು. ಅನುಮಾನ ಬಂತು, ವಿವೇಚನೆ ಬರಲಿಲ್ಲ.

ಜವಾರಿ ಮಂದಿ
ಜ್ಯೂರಿ ಅಂದ್ರ ನಮ್ಮೂರ ಹನುಮಪ್ಪನ ಗುಡಿ ಕಟ್ಟಿ ಪಂಚಾಯ್ತಿ. ಒಬ್ಬ ಗೌಡ್ರು ಕೆಮ್ಮಿದ್ರ ಹನ್ನೊಂದು ಮಂದಿ ತಲಿ ಹಾಕತಾರ.

ಬಾದಾಮಿ ಟು ಜೆರ್ಸಿ
ಅಷ್ಟೂ ಅಲ್ಲ. ಎಲ್ಲಾರೂ ಒಪ್ಪಬೇಕು, ಒಬ್ಬ ಒಲ್ಲೆ ಅಂದ್ರೂ ಶಿಕ್ಷೆ ಇಲ್ಲ. ಮೊದಲು ಎರಡು ರಾಜ್ಯದಾಗ ಹತ್ತು ಮಂದಿ ಸಾಕಿತ್ತು, 2020ರಾಗ ರಾಮೋಸ್ ಕೇಸಿನ್ಯಾಗ ದೇಶದ ಸುಪ್ರೀಂ ಕೋರ್ಟು ಅದನ್ನೂ ಬಂದ್ ಮಾಡ್ತು. ನಮ್ಮ ಗುಂಪಿನ್ಯಾಗ ಒಬ್ಬಾಕಿ ನಿವೃತ್ತ ನರ್ಸ್ ಗಂಟೆಗಟ್ಟಲೆ ತಾನ ಒಬ್ಬಾಕಿ ತಡದು ನಿಂತಿದ್ಲು.

ಅಂಕಿಸಂಖ್ಯೆ ಅಣ್ಣ
ಸಿನಿಮಾದಂಗ ಒಬ್ಬ ನಿಂತು ಹನ್ನೊಂದು ಮಂದೀನ ತಿರುಗಿಸೂದು ಭಾಳ ಅಪರೂಪ. ಷಿಕಾಗೋದ ಹ್ಯಾರಿ ಕಾಲ್ವೆನ್, ಹಾನ್ಸ್ ಝೈಸೆಲ್ 1966ರಾಗ ದೊಡ್ಡ ಅಧ್ಯಯನ ಪ್ರಕಟ ಮಾಡಿದ್ರು. ಮೊದಲನೇ ಮತದಾನದಾಗ ಯಾವ ಕಡೆ ಹೆಚ್ಚು ಮಂದಿ ಇರ್ತಾರೋ, ಕಡೀಕ ಹತ್ತರಾಗ ಒಂಬತ್ತು ಕೇಸಿನ್ಯಾಗ ಅದ ತೀರ್ಪು. ಅದ ಅಧ್ಯಯನದಾಗ, ಅದ ಕೇಸಿಗೆ ನೀವಾಗಿದ್ರ ಏನ ತೀರ್ಪು ಕೊಡ್ತಿದ್ರಿ ಅಂತ ಜಡ್ಜ್‌ಗಳನ್ನ ಕೇಳಿದ್ರು. ನಾಲ್ಕರಾಗ ಮೂರಕ್ಕಿಂತ ಹೆಚ್ಚು ಕೇಸಿನ್ಯಾಗ ಜಡ್ಜೂ ಜ್ಯೂರಿನೂ ಒಂದ ಮಾತು. ಬ್ಯಾರೆ ಆದಾಗ ಜ್ಯೂರಿ ಹೆಚ್ಚಾಗಿ ಆರೋಪಿ ಕಡೆ ವಾಲ್ತಿತ್ತು.

ಮಲಪ್ರಭಾ
ನಮ್ಮ ದೇಶದಾಗೂ ಜ್ಯೂರಿ ಇತ್ತಲ್ಲ? ನಾನಾವತಿ ಕೇಸಿನಿಂದ ತಗದ್ರು ಅಂತ ಓದೀನಿ.

ಕರೀಕೋಟು
ಅರ್ಧ ಖರೇ. 1959ರ ಏಪ್ರಿಲ್ 27, ಮುಂಬಯಿ. ನೌಕಾಪಡೆ ಕಮಾಂಡರ್ ಕೆ.ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾಗೆ ಗುಂಡು ಹೊಡೆದು, ತಾನ ಹೋಗಿ ಶರಣಾದ. ಪತ್ರಿಕೆಗಳು ಅವನ್ನ ಹೀರೋ ಮಾಡಿದ್ವು. ಜ್ಯೂರಿ 8-1ರಿಂದ ನಿರ್ದೋಷಿ ಅಂತು. ಸೆಷನ್ಸ್ ಜಡ್ಜ್ ಇದು ಸರಿಯಲ್ಲ ಅಂತ ಹೈಕೋರ್ಟಿಗೆ ಕಳಿಸಿದ್ರು, ಹೈಕೋರ್ಟು ಜೀವಾವಧಿ ಕೊಡ್ತು, 1961ರ ನವೆಂಬರಿನ್ಯಾಗ ಸುಪ್ರೀಂ ಕೋರ್ಟು ಎತ್ತಿ ಹಿಡೀತು. ಕಡೀಕ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ರು.

ಆದ್ರ ಜ್ಯೂರಿ ಬ್ಯಾಡ ಅಂತ ಕಾನೂನು ಆಯೋಗ ತನ್ನ 14ನೇ ವರದಿಯೊಳಗ 1958ರಾಗ, ಅಂದ್ರ ಗುಂಡು ಹಾರೂದಕ್ಕಿಂತ ಮೊದಲ ಹೇಳಿತ್ತು. ನಾನಾವತಿ ಆದ ಮ್ಯಾಲೂ ಕೆಲವು ಕಡೆ ನಡದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ ಪೂರ್ತಿ ಹೋತು. ಪಾರ್ಸಿಗಳ ಮದುವೆ ವ್ಯಾಜ್ಯದಾಗ ಮಾತ್ರ ಅಂಥಾದೊಂದು ಪದ್ಧತಿ ಇನ್ನೂ ಉಳದೈತಿ.

ಗಡಿನಾಡು
ಆಗ ಬೆಳಗಾವಿ ಮುಂಬಯಿ ರಾಜ್ಯದಾಗ ಇತ್ತಲ್ಲ, ಹಂಗಾರ ಆ ಕೇಸು ನಮ್ಮ ಹೈಕೋರ್ಟಿಂದ.

ಕರೀಕೋಟು
ಇಲ್ಲೋ ಮಾರಾಯಾ. 1956ರ ನವೆಂಬರ್ 1ಕ್ಕ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಎಲ್ಲಾ ಮೈಸೂರು ರಾಜ್ಯಕ್ಕ ಬಂದಿದ್ವು. ಗಡಿ ವಿಷಯ ಇಲ್ಲಿ ಎತ್ತಬ್ಯಾಡ, ಈ ಥ್ರೆಡ್ ಮುಗಿಯಾಂಗಿಲ್ಲ.

ಗಡಿನಾಡು
ಎತ್ತಲಿಲ್ರೀ, ಕೇಳಿದೆ.

ಗುಮ್ಮಟದ ಮೇಡಂ (ವಿಜಯಪುರ)
ನಾನಾವತಿ ಜ್ಯೂರಿ ಯಾಕೆ ಹಾಗೆ ಹೇಳಿತು ಅನ್ನೋದಕ್ಕೆ ನ್ಯಾನ್ಸಿ ಪೆನ್ನಿಂಗ್ಟನ್, ರೀಡ್ ಹೇಸ್ಟಿ ಅವರ ಕೆಲಸ ಚೆನ್ನಾಗಿ ಹೊಂದುತ್ತೆ. ಜ್ಯೂರಿಯವರು ಪುರಾವೆಗಳನ್ನ ಒಂದೊಂದಾಗಿ ತೂಗಲ್ಲ, ಅವುಗಳಿಂದ ಒಂದು ಕಥೆ ಕಟ್ಟಿಕೊಳ್ತಾರೆ ಅಂತ ಅವರ ವಾದ. 1988ರ ಪ್ರಯೋಗದಲ್ಲಿ ಒಂದೇ ಕೊಲೆ ಕೇಸಿನ ಅದೇ ಪುರಾವೆಗಳ ಕ್ರಮ ಮಾತ್ರ ಬದಲಾಯಿಸಿದ್ರು. ಸರ್ಕಾರದ ಪುರಾವೆ ಕಥೆಯ ಓಟದಲ್ಲಿ ಬಂದು, ಆರೋಪಿಯದು ಚೆಲ್ಲಾಪಿಲ್ಲಿ ಬಂದಾಗ 78% ಜನ ಕೊಲೆಗಾರ ಅಂದ್ರು. ಅದಲು ಬದಲು ಮಾಡಿದಾಗ 31%. ಪುರಾವೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ!

ಮಾನವಂತ ಗಂಡ, ಮೋಸ ಹೋದ ಸಂಸಾರ ಅನ್ನೋ ಕಥೆ ಮುಂಬಯಿಯಲ್ಲಿ ಮೊದಲೇ ಸಿದ್ಧವಾಗಿತ್ತು.

ಕೃಷ್ಣಾತೀರ (ಜಮಖಂಡಿ)
ಅಂದ್ರ ಜಡ್ಜ್ ಒಬ್ಬರ ಇರೂದ ಛಲೋ ಅಂತಾತು. ಇದನ್ನ ಹೇಳಾಕ ಇಷ್ಟು ಬರದ್ರಿ.

ಗುಮ್ಮಟದ ಮೇಡಂ (ವಿಜಯಪುರ)
ಜಡ್ಜ್‌ಗಳಿಗೂ ಇದೇ ಮಿದುಳು. ಅಮೇರಿಕಾದ ಜಡ್ಜ್‌ಗಳ ಮೇಲೇ 2005ರಲ್ಲಿ ಪ್ರಕಟವಾದ ಅಧ್ಯಯನ ಇದೆ, ಪರಿಗಣಿಸಬಾರದು ಅಂತ ಗೊತ್ತಿರೋ ಮಾಹಿತಿ ಕಿವಿಗೆ ಬಿದ್ದ ಮೇಲೆ ಅದನ್ನ ಬದಿಗಿಡೋದು ಎಷ್ಟೋ ಸಲ ಅವರಿಗೂ ಆಗಲಿಲ್ಲ.

ಕರೀಕೋಟು
ಮೇಡಂ, ಒಂದ ಫರಕ್ ಐತಿ. ನಮ್ಮ ಜಡ್ಜ್ ಸಾಕ್ಷಿನ್ನ ಯಾಕ ನಂಬಿದೆ ಅಂತ ಪುಟಗಟ್ಟಲೆ ಬರೀಬೇಕು. ಮ್ಯಾಲಿನ ಕೋರ್ಟಿನ್ಯಾಗ ಆ ಕಾರಣ ಹಿಡದು ಎಳೀತೀವಿ. ಜ್ಯೂರಿ "ತಪ್ಪಿತಸ್ಥ" ಅಂತ ಒಂದ ಮಾತು ಅಂದು ಮನಿಗೆ ಹೋಗ್ತಾರ, ಯಾಕ ಅಂತ ಕೇಳಂಗಿಲ್ಲ. ನನ್ನ ಮಟ್ಟಿಗೆ ಬರೆದ ಕಾರಣಾನ ದೊಡ್ಡದು. ತಪ್ಪು ಜಡ್ಜೂ ಮಾಡ್ತಾರ, ಆದ್ರ ಆ ತಪ್ಪು ಕಾಗದದ ಮ್ಯಾಲ ಸಿಗತೈತಿ.

ಬಾದಾಮಿ ಟು ಜೆರ್ಸಿ
ಸಿಗೂದಕ್ಕ ಎಷ್ಟು ವರ್ಷ ಬೇಕ್ರಿ ವಕೀಲ್ರ? ಇಲ್ಲಿ ನಮ್ಮ ಕೇಸು ವಾರದೊಳಗ ಮುಗೀತು. ನಿಮ್ಮಲ್ಲಿ ಸಾಕ್ಷಿಗೆ ಮೊಮ್ಮಕ್ಕಳಾಗಿರತಾವ.

ಕರೀಕೋಟು
ಅದಕ್ಕ ನನ್ನ ಕಡೆ ಉತ್ತರ ಇಲ್ಲ.

ಹವಾಲ್ದಾರ ಕಾಕಾ (ನಿವೃತ್ತ)
ಹತ್ತು ಮಂದಿ ಒಂದ ಮಾತು ಹೇಳಿದ್ರ ಸುಳ್ಳಾಗೂದಿಲ್ಲ, ನನ್ನ ಅನುಭವ.

ಅಂಕಿಸಂಖ್ಯೆ ಅಣ್ಣ
ಕಾಕಾ, ಟ್ರ್ಯಾಕ್ಟರ್ ಕಥಿ ನೀವ ಹೇಳಿದ್ರಿ! ಲಂಡನ್ನಿನ ಅಡಾಲ್ಫ್ ಬೆಕ್ ಕೇಸು ಓದ್ರಿ. ಒಂದಾದ ಮ್ಯಾಲ ಒಂದರಂತ ಹಲವು ಹೆಂಗಸರು "ನನ್ನ ಒಡವಿ ಹೊಡಕೊಂಡು ಹೋದಾಂವ ಇವನ" ಅಂತ ಅವನ್ನ ತೋರಿಸಿದ್ರು. 1896ರಾಗ ಜೈಲು. ಬಿಡುಗಡೆ ಆದ ಮ್ಯಾಲ 1904ರಾಗ ಮತ್ತ ಅದ ಆರೋಪ, ಮತ್ತ ತಪ್ಪಿತಸ್ಥ. ಅವನು ಒಳಗಿದ್ದಾಗ ಹೊರಗ ಅದ ಥರ ಮೋಸ ಆತು, ಅಸಲೀ ಆಸಾಮಿ ಸಿಕ್ಕ. ಆ ಗದ್ದಲದಿಂದ 1907ರಾಗ ಇಂಗ್ಲೆಂಡಿನ್ಯಾಗ ಕ್ರಿಮಿನಲ್ ಅಪೀಲು ಕೋರ್ಟ ಹುಟ್ಟಿತು.

ಇಳಕಲ್ ಅಕ್ಕ
ಮುಖ ಎಲ್ಲೋ ನೋಡಿರತೀವಿ, ಎಲ್ಲಿ ಅಂತ ಮರತಿರತೀವಿ. ಸಂತ್ಯಾಗ ನನಗ ದಿನಾ ಆಗತೈತಿ.

ಗುಮ್ಮಟದ ಮೇಡಂ (ವಿಜಯಪುರ)
ಅಕ್ಕಾ, ಇದಕ್ಕೆ ನನಗೆ ಬಹಳ ಇಷ್ಟವಾದ ಘಟನೆ ಇದೆ. ಆಸ್ಟ್ರೇಲಿಯಾದ ಡೊನಾಲ್ಡ್ ಥಾಂಸನ್ ಅನ್ನೋ ಮನಃಶಾಸ್ತ್ರಜ್ಞನನ್ನ ಅತ್ಯಾಚಾರದ ಆರೋಪದಲ್ಲಿ ಹಿಡಿದ್ರು. ಸಂತ್ರಸ್ತೆ ಖಾತ್ರಿಯಾಗಿ ಗುರುತಿಸಿದ್ದಳು. ಆದ್ರೆ ಆ ಹೊತ್ತಿಗೆ ಅವನು ಟಿವಿಯಲ್ಲಿ ನೇರ ಪ್ರಸಾರದಲ್ಲಿ ಮಾತಾಡ್ತಿದ್ದ. ಆಕೆಯ ಮನೆ ಟಿವಿಯಲ್ಲಿ ಅದೇ ಕಾರ್ಯಕ್ರಮ ಓಡ್ತಿತ್ತು. ಪರದೆ ಮೇಲಿನ ಮುಖ ಹೋಗಿ ಅಪರಾಧಿಯ ಮೇಲೆ ಕೂತುಬಿಡ್ತು. ಇನ್ನೂ ವಿಚಿತ್ರ ಅಂದ್ರೆ ಅವನ ಸಂಶೋಧನೆಯೇ ಕಣ್ಣಿನ ಸಾಕ್ಷಿಯ ನೆನಪಿನ ಬಗ್ಗೆ.

ಕುಂದಾಪ್ರಿಯ
ಇನ್ನ ಟಿವಿ ನೋಡೂದೂ ಬಿಡಬೇಕೇನ.

ಹಳೇಪೇಟಿ ಹುಡುಗ
ಎಲ್ಲಾರಿಗೂ ಥ್ಯಾಂಕ್ಸ್. ಒಂದ ಪ್ರಶ್ನೆ ಉಳೀತು. ಮುಂದ ಯಾರಿಗರ ಹಿಂಗ ಆದ್ರ ಆವತ್ತ ಏನ ಮಾಡಬೇಕು?

ಗುಮ್ಮಟದ ಮೇಡಂ (ವಿಜಯಪುರ)
ಯಾರ ಜೊತೆಗೂ ಚರ್ಚೆ ಮಾಡೋ ಮೊದಲು ಕೂತು ಬರೆದಿಡಿ. ಮೊದಲು ಜಾಗ, ಬೆಳಕು, ನೀವು ನಿಂತಿದ್ದೆಲ್ಲಿ, ಏನು ಕೇಳಿಸ್ತು. ಆಮೇಲೆ ವ್ಯಕ್ತಿ. ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಅಂತಲೇ ಬರೀರಿ. ಗ್ಯಾಬರ್ಟ್, ಲೋರೇನ್ ಹೋಪ್, ರೊನಾಲ್ಡ್ ಫಿಶರ್ 2009ರಲ್ಲಿ ಸಾಕ್ಷಿಗಳು ತಾವೇ ತುಂಬೋ ಇಂಥ ಒಂದು ನಮೂನೆ ತಯಾರಿಸಿದ್ರು. ಅದನ್ನ ತುಂಬಿದವರು ಸುಮ್ಮನೆ "ಏನಾಯ್ತು ಬರೀರಿ" ಅಂತ ಹೇಳಿಸಿಕೊಂಡವರಿಗಿಂತ ಹೆಚ್ಚು ವಿವರ ಸರಿಯಾಗಿ ಕೊಟ್ರು.

ಹವಾಲ್ದಾರ ಕಾಕಾ (ನಿವೃತ್ತ)
ಬರದಿಟ್ಟದ್ದು ಕೋರ್ಟಿಗೆ ಒಯ್ದ್ರ ನಡೀತೈತೇನ್ರೀ ವಕೀಲ ಸಾಹೇಬ್ರ? ನಮ್ಮ ಕಾಲಕ್ಕ ಚೀಟಿ ಹಿಡಕೊಂಡ್ರ ಜಡ್ಜ್ ಸಾಹೇಬ್ರು ಬೈತಿದ್ರು.

ಕರೀಕೋಟು
ಘಟನೆ ಆದ ಕೂಡ್ಲೆ, ನೆನಪು ಹಸಿ ಇರೂಮುಂದ ಸಾಕ್ಷಿ ತಾನ ಬರದದ್ದನ್ನ ನೋಡಿ ನೆನಪು ಮಾಡಿಕೊಳ್ಳಾಕ ಕಾಯ್ದೆಯೊಳಗ ಅವಕಾಶ ಐತಿ, ಹಳೇದರಾಗೂ ಇತ್ತು, ಹೊಸದರಾಗೂ ಐತಿ. ಆದ್ರ ಎದುರಿನವರು ಕೇಳಿದ್ರ ಅವರಿಗೂ ತೋರಿಸಬೇಕು, ಅದರ ಮ್ಯಾಲ ಅವರು ಪಾಟೀ ಸವಾಲೂ ಮಾಡಬಹುದು.

ಇಳಕಲ್ ಅಕ್ಕ
ಸಾಕ್ಷಿ ಹೇಳಾಕ ಹೋದವರಿಗೆ ಬಸ್ ಚಾರ್ಜು ಕೊಡ್ತಾರಂತಲ್ಲ, ನನಗ ಯಾರೂ ಕೊಡಲೇ ಇಲ್ಲ.

ಕರೀಕೋಟು
ಭತ್ತೆ ಅಂತ ಐತಿ ಅಕ್ಕಾರ, ಸರಕಾರಿ ಕಡೆ ಸಾಕ್ಷಿಗೆ ಕೋರ್ಟು ಕೊಡಿಸಬಹುದು. ಸಾಕ್ಷಿ ಮುಗಿದ ದಿನಾನ ಕೇಳಬೇಕಿತ್ತು.